ಗರ್ಭನಿರೋಧಕ ಕೊಳ್ಳುವಾಗ ಫಾರ್ಮಸಿಸ್ಟರಿಗೆ ಏನು ಹೇಳಬೇಕು, ಏನು ಕೇಳಬೇಕು

ಗರ್ಭನಿರೋಧಕ ಮಾತ್ರೆಯನ್ನೋ ಕಾಂಡೋಮನ್ನೋ ಕೊಳ್ಳಲು ಬರುವವರಲ್ಲಿ ಅನೇಕರು ಬೇರೆ ಗಿರಾಕಿಗಳು ಹೋಗುವವರೆಗೂ ಪಕ್ಕದಲ್ಲಿ ಕಾದು ನಿಂತು, ಹೆಸರನ್ನು ಮೆಲ್ಲಗೆ ಹೇಳಿ, ಕಾಗದದಲ್ಲಿ ಸುತ್ತಿಕೊಟ್ಟದ್ದನ್ನು ತೆಗೆದುಕೊಂಡು ಕೂಡಲೇ ಹೊರಟುಬಿಡುತ್ತಾರೆ. ಔಷಧಿ ಸಿಗುತ್ತದೆ, ಅದರ ಜೊತೆಗೆ ಸಿಗಬೇಕಾದ ಮಾಹಿತಿ ಸಿಗುವುದಿಲ್ಲ. ಕೌಂಟರಿನ ಈಚೆ ನಿಂತು ಕೆಲಸ ಮಾಡುವ ನನಗೆ ಇದು ಬಹಳ ಕಾಲದಿಂದ ನೋವಿನ ಸಂಗತಿ. ಏಕೆಂದರೆ ಈ ಔಷಧಿಗಳಲ್ಲಿ ಹೆಚ್ಚಿನವು ಕೈಕೊಡುವುದು ಗುಣಮಟ್ಟದ ದೋಷದಿಂದಲ್ಲ. ತೆಗೆದುಕೊಳ್ಳುವ ಹೊತ್ತು, ಕ್ರಮ ಅಥವಾ ಜೊತೆಗಿರುವ ಬೇರೆ ಔಷಧಿಗಳಿಂದ.

ಮೊದಲು ಮಾಡಬೇಕಾದದ್ದು, ಅಂಗಡಿಯಲ್ಲಿರುವವರಲ್ಲಿ ಫಾರ್ಮಸಿಸ್ಟ್ ಯಾರೆಂದು ಕೇಳುವುದು. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರೇ. ಹುಡುಗರು ಹೆಸರು ಹುಡುಕಿ ಕೊಡಬಲ್ಲರು, ಸಲಹೆ ಕೊಡಲಾರರು. ಎಲ್ಲರೆದುರು ಮಾತನಾಡಲು ಸಂಕೋಚವಾದರೆ “ಸ್ವಲ್ಪ ಪಕ್ಕಕ್ಕೆ ಬನ್ನಿ ಸರ್, ಮಾತಾಡಬೇಕು” ಎಂದರೆ ಸಾಕು. ಅದನ್ನು ಯಾವ ಒಳ್ಳೆಯ ಫಾರ್ಮಸಿಸ್ಟರೂ ತಪ್ಪು ತಿಳಿಯುವುದಿಲ್ಲ.

ಅತಿ ಹೆಚ್ಚು ಗೊಂದಲವಿರುವುದು ತುರ್ತು ಗರ್ಭನಿರೋಧಕ ಮಾತ್ರೆಯ ವಿಷಯದಲ್ಲಿ. “ಅಣ್ಣಾ, ಆ ಎಪ್ಪತ್ತೆರಡು ಗಂಟೆ ಮಾತ್ರೆ ಕೊಡಿ” ಎಂದು ಕೇಳಿದವರಿಗೆ ನಾನು ಹಾಕುವ ಮೊದಲ ಪ್ರಶ್ನೆ “ಯಾವತ್ತು, ಎಷ್ಟು ಹೊತ್ತಿಗೆ ಸೇರಿದ್ದಮ್ಮಾ?” ಎಂಬುದು. ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನಿನ 1.5 ಮಿಲಿಗ್ರಾಂನ ಈ ಒಂದೇ ಮಾತ್ರೆಗೆ ಚೀಟಿ ಬೇಕಿಲ್ಲ. 72 ಗಂಟೆ ಎಂಬುದು ಅದರ ಕೊನೆಯ ಗಡುವೇ ಹೊರತು ಅಲ್ಲಿಯವರೆಗೆ ಕಾಯಬಹುದು ಎಂದಲ್ಲ; ಮೊದಲ ದಿನವೇ ನುಂಗಿದಷ್ಟು ಫಲ ಮೂರನೆಯ ದಿನ ಸಿಗದು. ಅದು ಮುಖ್ಯವಾಗಿ ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ, ಆದ್ದರಿಂದ ಅಂಡ ಆಗಲೇ ಬಿಡುಗಡೆಯಾಗಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯುವುದೂ ಇಲ್ಲ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ.

ಎರಡನೆಯ ಪ್ರಶ್ನೆ ಬೇರೆ ಮಾತ್ರೆಗಳದು. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫಿನಿಟಾಯಿನ್ ಮತ್ತು ಕಾರ್ಬಮಜೆಪಿನ್ ಈ ಹಾರ್ಮೋನನ್ನು ಯಕೃತ್ತಿನಲ್ಲಿ ಬೇಗ ಬೇಗ ಕರಗಿಸಿಬಿಡುತ್ತವೆ. ಹೀಗಾಗಿ ಇಂಥ ಔಷಧಿಯಲ್ಲಿರುವವರು ಅದನ್ನು ಮುಚ್ಚಿಡದೆ ಹೇಳಲೇಬೇಕು. ಅಂಥವರು ಸೇರಿದ ಐದು ದಿನಗಳೊಳಗೆ ಆಸ್ಪತ್ರೆಗೆ ಹೋಗಿ ಕಾಪರ್-ಟಿ, ಅಂದರೆ ಹಳ್ಳಿಗಳಲ್ಲಿ ವಂಕಿ ಎನ್ನುವುದನ್ನು, ಹಾಕಿಸಿಕೊಳ್ಳುವುದು ಹೆಚ್ಚು ಭದ್ರ. ವಾಸ್ತವವಾಗಿ ತುರ್ತು ವಿಧಾನಗಳಲ್ಲೆಲ್ಲ ಅದೇ ಅತ್ಯಂತ ಪರಿಣಾಮಕಾರಿ. ಮಾತ್ರೆ ನುಂಗಿದ ಮೇಲೆ ಮುಂದಿನ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗುವುದು ಸಹಜ. ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಬೆಳಗಿನ ಮೊದಲ ಮೂತ್ರದಿಂದ ಗರ್ಭಪರೀಕ್ಷೆ ಮಾಡಿಕೊಳ್ಳಬೇಕು. ತಿಂಗಳಲ್ಲಿ ಮತ್ತೆ ಮತ್ತೆ ಈ ಮಾತ್ರೆ ಬೇಕಾಗುತ್ತಿದ್ದರೆ, ನಿತ್ಯದ ವಿಧಾನವೊಂದನ್ನು ಆರಿಸಿಕೊಳ್ಳುವ ಸಮಯ ಬಂದಿದೆ ಎಂದೇ ತಿಳಿಯಬೇಕು.

ಇಲ್ಲೊಂದು ಕಟ್ಟುನಿಟ್ಟಿನ ಎಚ್ಚರಿಕೆ ಕೊಡಲೇಬೇಕು. ಗರ್ಭಪಾತದ ಕಿಟ್ ಎಂದು ಸಿಗುವ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಮಾತ್ರೆಗಳು ತುರ್ತು ಮಾತ್ರೆಯಲ್ಲ. ಎರಡೂ ಕಪಾಟಿನಲ್ಲಿ ಹತ್ತಿರ ಹತ್ತಿರ ಇರುತ್ತವೆ, ಕೆಲವು ಪೊಟ್ಟಣಗಳ ಹೆಸರೂ ಒಂದನ್ನೊಂದು ಹೋಲುತ್ತದೆ. ಕಿಟ್ಟನ್ನು ವೈದ್ಯರ ಚೀಟಿಯಿಲ್ಲದೆ ಕೇಳಬೇಡಿ, ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡಿ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಆ ಮಾತ್ರೆಗಳಿಂದ ಅದು ಹೋಗುವುದಿಲ್ಲ. ಆದರೆ ರಕ್ತಸ್ರಾವವಾದುದನ್ನು ನೋಡಿ ಎಲ್ಲ ಮುಗಿಯಿತೆಂದು ಮನೆಯಲ್ಲೇ ಉಳಿದರೆ ಪ್ರಾಣಕ್ಕೇ ಅಪಾಯ.

ನಿತ್ಯದ ಮಾತ್ರೆಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪಟ್ಟಿಯನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ. 28 ಮಾತ್ರೆಗಳಲ್ಲಿ 21ರಲ್ಲಿ ಹಾರ್ಮೋನ್ ಇದೆ, ಬಣ್ಣದಿಂದಲೇ ಬೇರೆಯಾಗಿ ಕಾಣುವ ಉಳಿದ ಏಳು ಕಬ್ಬಿಣಾಂಶದವು. ಮುಟ್ಟಾದ ಐದು ದಿನದೊಳಗೆ ಆರಂಭಿಸಿ, ಬಾಣದ ಗುರುತನ್ನು ಅನುಸರಿಸಿ, ದಿನಕ್ಕೊಂದರಂತೆ ಒಂದೇ ಹೊತ್ತಿಗೆ ನುಂಗಬೇಕು. ಒಂದು ದಿನ ಮರೆತರೆ ನೆನಪಾದ ಕೂಡಲೇ ಅದನ್ನು ತೆಗೆದುಕೊಂಡು ಅಂದಿನದನ್ನು ಎಂದಿನ ಹೊತ್ತಿಗೆ ತೆಗೆದುಕೊಳ್ಳಿ. ಎರಡು ಅಥವಾ ಹೆಚ್ಚು ಹಾರ್ಮೋನ್ ಮಾತ್ರೆ ತಪ್ಪಿದ್ದರೆ ಮುಂದಿನ ಏಳು ದಿನ ಕಾಂಡೋಮ್ ಕೂಡ ಬಳಸಿ. 35 ದಾಟಿ ಧೂಮಪಾನ ಮಾಡುವವರು, ಬಿಪಿ ಹೆಚ್ಚಿರುವವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಅರೆತಲೆನೋವಿನವರು, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ಹಾಗೂ ಹಸಿ ಬಾಣಂತಿಯರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು.

ಹಾಲುಣಿಸುವ ತಾಯಂದಿರಿಗೆ ಹಾರ್ಮೋನಿಲ್ಲದ ಛಾಯಾ ಮಾತ್ರೆ ಹೊಂದುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಈ ಔಷಧಿಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಆಮೇಲೆ ವಾರಕ್ಕೊಮ್ಮೆ ನುಂಗಬೇಕು. ನುಂಗುವ ದಿನ ಗೊತ್ತುಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಕಾಂಡೋಮ್ ಕೊಳ್ಳುವಾಗ ದಿನಾಂಕ ನೋಡಿ, ಪೊಟ್ಟಣ ಒತ್ತಿದಾಗ ಒಳಗೆ ಗಾಳಿ ಇದೆಯೇ ಎಂದು ಗಮನಿಸಿ. ಲೇಟೆಕ್ಸ್ ಕಾಂಡೋಮಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬಾರದು, ಅವು ರಬ್ಬರನ್ನು ನಿಮಿಷಗಳಲ್ಲಿ ಸಡಿಲಗೊಳಿಸುತ್ತವೆ. ಜಾರಿಕೆ ಬೇಕಿದ್ದರೆ ನೀರಿನ ಆಧಾರದ ಜೆಲ್ ಕೇಳಿ. ಗರ್ಭದ ಜೊತೆಗೆ ಸೋಂಕನ್ನೂ ತಡೆಯುವ ವಿಧಾನ ಇದೊಂದೇ.

ಇದೇ ಸಂಕೋಚದಿಂದ ಕೊಳ್ಳುವ ಬೇರೆ ಔಷಧಿಗಳೂ ಇವೆ. ಗಂಡಸರು ನಿಮಿರುವಿಕೆಗೆಂದು ಸಿಲ್ಡೆನಾಫಿಲ್ (ವಯಾಗ್ರಾ) ಮಾತ್ರೆಯನ್ನು ಚೀಟಿಯಿಲ್ಲದೆ ಕೇಳುವುದು ದಿನನಿತ್ಯದ ಮಾತು. ಎದೆನೋವಿಗೆ ನಾಲಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಇದನ್ನು ನುಂಗಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಜೀವ ಹೋಗಬಹುದು. ‘ಶಕ್ತಿವರ್ಧಕ ಚೂರ್ಣ’ಗಳಲ್ಲೂ ಇದೇ ರಾಸಾಯನಿಕ ಗುಟ್ಟಾಗಿ ಬೆರೆತಿರುವುದುಂಟು, ಆದ್ದರಿಂದ ಗಿಡಮೂಲಿಕೆಯೆಂದು ನಂಬಿ ಹೃದ್ರೋಗಿಗಳು ಅವನ್ನು ಮುಟ್ಟಬಾರದು.

ಉರಿಮೂತ್ರ, ಕೀವು, ದುರ್ವಾಸನೆಯ ಸ್ರಾವ, ಗುಪ್ತಾಂಗದ ಹುಣ್ಣು ಇವಕ್ಕೆ “ಒಂದು ಕ್ಯಾಪ್ಸೂಲ್ ಕೊಡಿ” ಎಂದು ಕೇಳಬೇಡಿ. ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ ಅರ್ಧ ಗುಣವಾದರೆ ಔಷಧಿಗೆ ಜಗ್ಗದ ರೋಗವಾಗಿ ಬೆಳೆಯುತ್ತದೆ, ಸಂಗಾತಿಗೂ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಿ ಬರುತ್ತದೆ. ಲೈಂಗಿಕ ಸೋಂಕುಗಳಿಗೆಂದೇ ಜಿಲ್ಲಾಸ್ಪತ್ರೆಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಎಚ್‌ಐವಿ ತಗಲಿರಬಹುದೆಂಬ ಅನುಮಾನವಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳುವ ತಡೆ ಚಿಕಿತ್ಸೆ ಇದೆ, ಅದು ಬೇಗ ಶುರುವಾದಷ್ಟೂ ಒಳ್ಳೆಯದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು.