ಕ್ವಾರ್ಟರ್ ಬಿಟ್ಟ ಮೇಲೆ ಅದೇ ಮಾತ್ರೆ ಕೆಲಸ ಮಾಡಿತು

ಹದಿನಾಲ್ಕು ತಿಂಗಳಾಯಿತು, ಒಂದು ತೊಟ್ಟೂ ಮುಟ್ಟಿಲ್ಲ. ‘ಭಾವ ಬಿಡೋದು, ನಾನು ನೋಡೋದು’ ಅಂತ ನಕ್ಕಿದ್ದ ಬಾಮೈದ ಈಗ ತನ್ನ ಗೆಳೆಯರನ್ನು ನನ್ನ ಹತ್ತಿರ ಕಳಿಸುತ್ತಾನೆ. ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಯ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹಾಸನದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಕೋವಿಡ್ ಕಳೆದ ಮೇಲೆ ಖಿನ್ನತೆಗೆ ಎಸ್ಸಿಟಲೋಪ್ರಾಮ್ ಅನ್ನೋ ಮಾತ್ರೆ ಶುರುವಾಯಿತು. ದಿನಾ ರಾತ್ರಿ 10 ಮಿಲಿಗ್ರಾಂ, ಜೊತೆಗೆ ಒಂದು ಕ್ವಾರ್ಟರ್. ಆರು ತಿಂಗಳಾದರೂ ಮನಸ್ಸು ಇದ್ದಲ್ಲೇ ಇತ್ತು. ಡಾಕ್ಟರ್ 20ಕ್ಕೆ ಏರಿಸಿದರು. ಕುಡಿತದ ಬಗ್ಗೆ ಕೇಳಿದಾಗ ‘ಆಗಾಗ ಸರ್’ ಅಂದಿದ್ದೆ. ನೀವೂ ಅಷ್ಟೇ ಅಂದಿರುತ್ತೀರಿ, ಅಲ್ವಾ? ಬೋರ್ಡಲ್ಲಿ ಶಾರ್ಟ್ ಹಾಗೇ ಬಿಟ್ಟು ಬ್ಯಾಟರಿ ಮೇಲೆ ಬ್ಯಾಟರಿ ಹಾಕಿಸಿಕೊಂಡೆ.

ಮಾಡಿದ ಪ್ರಯೋಗಗಳು ಒಂದೆರಡಲ್ಲ. ಕುಡಿಯುತ್ತೀನಲ್ಲ ಅಂತ ಮಾತ್ರೆ ಬಿಟ್ಟೆ. ಎರಡು ಮೂರು ದಿನಕ್ಕೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಂ ಅನ್ನುತ್ತಿತ್ತು. ಆಮೇಲೆ ವಿಸ್ಕಿ ಬಿಟ್ಟು ಬಿಯರ್ ಹಿಡಿದೆ. ಲೆಕ್ಕ ಹಾಕಿದ್ದು ಎಷ್ಟೋ ದಿನದ ಮೇಲೆ: 180 ಎಂಎಲ್ ಕ್ವಾರ್ಟರಲ್ಲಿ ಆಲ್ಕೋಹಾಲ್ ಸುಮಾರು 77 ಎಂಎಲ್. 650ರ ಸ್ಟ್ರಾಂಗ್ ಬಿಯರ್ ಎರಡು ಕುಡಿದರೆ ನೂರು ದಾಟುತ್ತೆ! ಸಾರಿಗೆ ಬೆರೆಸಿದರೆ ಕುಡಿತ ಬಿಡಿಸುತ್ತೆ ಅನ್ನೋ ಪುಡಿಗೂ ನಾಲ್ಕೂವರೆ ಸಾವಿರ ಸುರಿದೆ. ಸಾರು ಕೆಟ್ಟಿದ್ದೇ ಬಂತು.

ಅಷ್ಟರಲ್ಲಿ ಕ್ವಾರ್ಟರ್ ಮೇಲೆ ಇನ್ನೊಂದು ನೈಂಟಿ ಸೇರಿತ್ತು. ಬೆಳಿಗ್ಗೆ ಮೈಕ್ರೋಸ್ಕೋಪ್ ಕೆಳಗೆ ಸೋಲ್ಡರಿಂಗ್ ಐರನ್ ತುದಿ ಕುಣಿಯುತ್ತಿತ್ತು. ಚಾರ್ಜಿಂಗ್ ಐಸಿ ತೆಗೆಯಲು ಹೋಗಿ ಗಿರಾಕಿಯ ಬೋರ್ಡೇ ಸುಟ್ಟೆ. 14 ಸಾವಿರ ಕೈಯಿಂದ ಕಟ್ಟಿದೆ.

ಆ ಅವಮಾನಕ್ಕೆ ಒಂದೇ ಏಟಿಗೆ ಕುಡಿತ ನಿಲ್ಲಿಸಿದೆ. ಅದು ದೊಡ್ಡ ತಪ್ಪು. ಎರಡನೇ ರಾತ್ರಿ ಬೆವರು, ನಡುಕ, ಗೋಡೆ ತುಂಬ ಇರುವೆ. ಗೋಡೆ ಮೇಲೆ ಏನೂ ಇರಲಿಲ್ಲ ಅಂತ ಹೆಂಡತಿ ಆಮೇಲೆ ಹೇಳಿದಳು. ಆಸ್ಪತ್ರೆಗೆ ಒಯ್ದರು. ‘ದಿನಾ ಕುಡಿಯೋರು ಹೀಗೆ ದಿಢೀರಂತ ಬಿಟ್ಟರೆ ಫಿಟ್ಸ್ ಬರುತ್ತೆ ಮಾರಾಯ, ಜೀವಾನೂ ಹೋಗಬಹುದು’ ಅಂತ ಡಾಕ್ಟರ್ ಬೈದರು. ಐದು ದಿನ ಅಡ್ಮಿಟ್, ವಿಟಮಿನ್ ಬಿ1 ಇಂಜೆಕ್ಷನ್, ದಿನದಿನಕ್ಕೆ ಡೋಸ್ ಇಳಿಸುವ ಮಾತ್ರೆ. ಬಿಲ್ಲು 22 ಸಾವಿರದ ಹತ್ತಿರ. ದಿಢೀರಂತ ಬಿಡೋ ಇದೊಂದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆಮೇಲಿನದು ನನ್ನದೇ ದಾರಿ. ಜಾಬ್ ಶೀಟ್ ಹಿಂದೆ ದಿನಾ ಮೂರು ಬರೆದೆ: ನಿದ್ದೆ ಎಷ್ಟು ಗಂಟೆ, ಮನಸ್ಸಿಗೆ ಹತ್ತಕ್ಕೆ ಎಷ್ಟು, ಬೆಳಿಗ್ಗೆ ಹತ್ತು ಗಂಟೆಗೆ, ಬೋರ್ಡಲ್ಲಿ ಕಡಿದ ಲೈನ್ ಜೋಡಿಸುವ ಕೂದಲಿನಷ್ಟು ಸಣ್ಣ ಜಂಪರ್ ವೈರ್ ಎಷ್ಟನೇ ಸಲಕ್ಕೆ ಕೂತಿತು. ಮೊದಲ ಮೂರು ವಾರ ನಿದ್ದೆ ಇನ್ನೂ ಹದಗೆಟ್ಟಿತು. ಇಲ್ಲೇ ಜಾಸ್ತಿ ಜನ ವಾಪಸ್ ಹೋಗೋದು. ಐದನೇ ವಾರ ಜಂಪರ್ ಮೊದಲ ಸಲಕ್ಕೇ ಕೂತಿತು. ಮನಸ್ಸು ಮೂರರಿಂದ ಆರಕ್ಕೆ ಬಂದಿದ್ದು ಎರಡು ತಿಂಗಳಿಗೆ.

ಶಟರ್ ಎಳೆಯುವ ಏಳೂವರೆಯೇ ಕಷ್ಟದ ಹೊತ್ತು. ಏಳಕ್ಕೇ ಎರಡು ಮೊಟ್ಟೆ ದೋಸೆ ತಿಂದುಬಿಡುತ್ತಿದ್ದೆ. ಹೊಟ್ಟೆ ತುಂಬಿದ್ದರೆ ಅರ್ಧ ಆಸೆ ಅಲ್ಲೇ ಸಾಯುತ್ತೆ. ಹಳೇ ಗ್ಲಾಸಲ್ಲೇ ನಿಂಬೆ ಸೋಡಾ ಕುಡಿದು ನೋಡಿದೆ, ಗ್ಲಾಸು ಕಂಡರೇ ಬಾಯಲ್ಲಿ ನೀರು. ಗ್ಲಾಸುಗಳನ್ನೇ ಸಾಗಹಾಕಿದೆ. ಇನ್ನೊಂದು ಉಪಾಯವೂ ಇದೆ, ಹೇಳಲ್ಲ. ಇದನ್ನು ಹೆಂಡತಿಯೂ ಓದುತ್ತಾಳೆ.

ಲಿವರ್ ಟೆಸ್ಟಲ್ಲಿ, ಕುಡಿತಕ್ಕೆ ಏರುವ ಜಿಜಿಟಿ ಇನ್ನೂರು ಚಿಲ್ಲರೆ ಇದ್ದದ್ದು ನಾಲ್ಕು ತಿಂಗಳಿಗೆ ಐವತ್ತರ ಆಸುಪಾಸು. ಎಣ್ಣೆ, ನಂಚಿಕೊಳ್ಳೋದು ಸೇರಿ ದಿನಕ್ಕೆ ಮುನ್ನೂರು ಹೋಗುತ್ತಿತ್ತು, ತಿಂಗಳಿಗೆ ಒಂಬತ್ತು ಸಾವಿರ. ಆ ದುಡ್ಡಲ್ಲಿ ಹೊಸ ಮೈಕ್ರೋಸ್ಕೋಪ್ ಬಂತು. ಖಿನ್ನತೆಯ ಮಾತ್ರೆ ಈಗಲೂ ಇದೆ. ಡಾಕ್ಟರೇ 20 ಇಳಿಸಿ ಮತ್ತೆ 10 ಮಾಡಿದ್ದಾರೆ.