ಟ್ರಂಕಿನ ಫೋಟೋ ಫೈಲಾಗುವವರೆಗೆ

ಕಲಬುರಗಿಯಲ್ಲಿ ಹಳೆಯ ಫೋಟೋ ಸ್ಕ್ಯಾನ್ ಮಾಡಲು ಮಳೆಗಾಲವೇ ಒಳ್ಳೆಯದು. ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿಗೆ ಫೋಟೋದ ಮೇಲಿನ ಜೆಲಟಿನ್ ಪದರ ಕುಗ್ಗುತ್ತದೆ, ಕೆಳಗಿನ ಕಾಗದ ಅಷ್ಟು ಕುಗ್ಗುವುದಿಲ್ಲ. ಅದಕ್ಕೇ ಫೋಟೋ ಸುರುಳಿ ಸುತ್ತಿಕೊಳ್ಳುತ್ತದೆ. ಅದನ್ನು ಗಾಜಿನ ಮೇಲಿಟ್ಟು ಮುಚ್ಚಳ ಒತ್ತಿದರೆ ಪದರ ಬಿರಿದು ಸರಿಯಾಗಿ ಮುಖದ ಮೇಲೇ ಗೆರೆ ಬೀಳುತ್ತದೆ. ಅದೇ ಫೋಟೋ ಜುಲೈ-ಆಗಸ್ಟ್ ಹೊತ್ತಿಗೆ ತಾನಾಗಿಯೇ ಸಡಿಲಾಗಿರುತ್ತದೆ. ಆಗ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದೆರಡು ದಿನ ಬಿಡುತ್ತೇನೆ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಚಪ್ಪಟೆ ಇರುವವನ್ನು ಮೊದಲು ಮುಗಿಸುತ್ತೇನೆ. ನೀರು ಚಿಮುಕಿಸುವುದು, ಇಸ್ತ್ರಿ ಮಾಡುವುದು ಎರಡೂ ಕೂಡದು.

ಇನ್ನೊಂದು ತೊಂದರೆ ಧೂಳು. ಶಹಾಬಾದ, ವಾಡಿ, ಸೇಡಂ ಕಡೆಯ ಮನೆಗಳ ಟ್ರಂಕುಗಳಲ್ಲಿ ಸಿಮೆಂಟಿನ ಪುಡಿ, ಫರ್ಸಿ ಕಲ್ಲಿನ ಪುಡಿ ಕೂತಿರುತ್ತದೆ. ಬಟ್ಟೆಯಿಂದ ಒರೆಸಿದರೆ ಅದೇ ಪುಡಿ ಫೋಟೋವನ್ನು ಗೀಚುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಊದಬೇಕು, ಆಮೇಲೆ ಮೆತ್ತನೆಯ ಕುಂಚವನ್ನು ಭಾರ ಹಾಕದೆ ಒಂದೇ ದಿಕ್ಕಿಗೆ ಆಡಿಸಬೇಕು. ಬಾಯಿಯಿಂದ ಊದಿದರೆ ಉಗುಳಿನ ಹನಿ ಕಲೆಯಾಗಿ ಉಳಿಯುತ್ತದೆ. ಸ್ಕ್ಯಾನರಿನ ಗಾಜಿಗೆ ದ್ರವವನ್ನು ನೇರ ಸಿಂಪಡಿಸದೆ, ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಒರೆಸಿ. ಫ್ಯಾನ್ ಬಂದ್ ಮಾಡಿ ಕೂರಬೇಕಾದ ಕೆಲಸವಾದ್ದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದೇ ಲೇಸು. ಬಿಳಿ ಬೂಷ್ಟು ಹಿಡಿದ ಫೋಟೋಗಳನ್ನು ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಒಣ ಕುಂಚದಿಂದ ಶುಚಿ ಮಾಡುತ್ತೇನೆ, ಮನೆಯೊಳಗೆ ತರುವುದಿಲ್ಲ.

ಸ್ಕ್ಯಾನರ್ ಕೊಳ್ಳುವವರು ಅದರೊಳಗೆ ಚಿತ್ರ ಹಿಡಿಯುವ ಸೆನ್ಸರ್ ಸಿಸಿಡಿಯೋ ಸಿಐಎಸ್ಸೋ ನೋಡಿಕೊಳ್ಳಿ. ಅಗ್ಗದ, ತೆಳುವಾದ ಯಂತ್ರಗಳಲ್ಲಿ ಇರುವುದು ಸಿಐಎಸ್. ಅದು ಗಾಜಿಗೆ ಅಂಟಿ ಕೂತ ಭಾಗವನ್ನಷ್ಟೇ ಸ್ಪಷ್ಟವಾಗಿ ಹಿಡಿಯುತ್ತದೆ. ಫೋಟೋದ ಅಂಚು ತುಸು ಎದ್ದಿದ್ದರೂ ಅಲ್ಲಿ ಮಬ್ಬು. ಸಿಸಿಡಿ ಯಂತ್ರ ದಪ್ಪ, ಬೆಲೆ ಜಾಸ್ತಿ, ಆದರೆ ನಮ್ಮ ಕಡೆಯ ಸುರುಳಿ ಫೋಟೋಗಳಿಗೆ ಅದೇ ಸರಿ.

ಸಾಮಾನ್ಯ 4×6 ಇಂಚಿನ ಫೋಟೋಗೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು. 2400×3600 ಪಿಕ್ಸೆಲ್ ಆಗುತ್ತದೆ, 24 ಬಿಟ್ (ಬಣ್ಣದ ಸೂಕ್ಷ್ಮತೆಯ ಅಳತೆ) ಟಿಫ್ ಫೈಲು ಸುಮಾರು 26 ಎಂಬಿ. 1200 ಇಟ್ಟರೆ ಫೈಲು ನಾಲ್ಕು ಪಟ್ಟು ಉಬ್ಬುತ್ತದೆ, ಲ್ಯಾಬಿನ ಪ್ರಿಂಟಿನಲ್ಲಿ ಇಲ್ಲದ ವಿವರ ಅದರಿಂದ ಬರುವುದಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ಡಬ್ಬಿ ಕ್ಯಾಮೆರಾದ 6×6 ಸೆಂ.ಮೀ. ಕಾಂಟ್ಯಾಕ್ಟ್ ಪ್ರಿಂಟುಗಳಿಗೆ (ನೆಗೆಟಿವ್ ಅಳತೆಯಲ್ಲೇ ತೆಗೆದವು) ಮಾತ್ರ 1200 ಇಡುತ್ತೇನೆ. ಲಕೋಟೆಯಲ್ಲಿ ನೆಗೆಟಿವ್ ಉಳಿದಿದ್ದರೆ, ಫಿಲ್ಮ್ ಹಿಡಿಯುವ ಯಂತ್ರದಲ್ಲಿ ಅದನ್ನೇ 2400ಕ್ಕೆ ತೆಗೆಯಿರಿ. ಪ್ರಿಂಟಿಗಿಂತ ಅದರಲ್ಲಿ ವಿವರ ಹೆಚ್ಚು.

ಸ್ಕ್ಯಾನರಿನ ತಂತ್ರಾಂಶದಲ್ಲಿ ಆಟೋ ಕರೆಕ್ಷನ್, ಶಾರ್ಪನ್, ಡಸ್ಟ್ ರಿಮೂವಲ್ ಎಲ್ಲವನ್ನೂ ತೆಗೆದುಹಾಕಿ. ಡಸ್ಟ್ ರಿಮೂವಲ್ ಧೂಳಿನ ಜೊತೆ ಮೂಗುತಿಯ ಹೊಳಪನ್ನೂ ಅಳಿಸಬಲ್ಲದು. ಕಪ್ಪು-ಬಿಳುಪು ಫೋಟೋವನ್ನೂ ಕಲರಿನಲ್ಲೇ ಸ್ಕ್ಯಾನ್ ಮಾಡಬೇಕು. ಇದಕ್ಕೆ ಕಾರಣವಿದೆ. ಪೂಜೆಗೆ ಇಟ್ಟ ಫೋಟೋಗಳ ಮೇಲೆ ಅರಿಶಿನ, ಕುಂಕುಮದ ಕಲೆ ಇರುತ್ತದೆ. ಅರಿಶಿನ ನೀಲಿ ಬೆಳಕನ್ನು ಹೀರುತ್ತದೆ, ಕುಂಕುಮ ನೀಲಿ-ಹಸಿರು ಎರಡನ್ನೂ. ಕೆಂಪನ್ನು ಎರಡೂ ಬಿಟ್ಟುಕೊಡುತ್ತವೆ. ಫೋಟೋ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬೆಳಕಿನ ಭಾಗ) ಒಂದನ್ನೇ ತೆಗೆದುಕೊಂಡರೆ ಕಲೆ ಬಹುಪಾಲು ಮಾಯವಾಗಿ ಕೆಳಗಿನ ಮುಖ ಕಾಣುತ್ತದೆ. ಗ್ರೇ ಸ್ಕೇಲಿನಲ್ಲಿ ತೆಗೆದಿದ್ದರೆ ಈ ದಾರಿ ಮುಚ್ಚಿಹೋಗುತ್ತಿತ್ತು.

1970ರ ದಶಕದ ಬಣ್ಣದ ಫೋಟೋಗಳು ಕೆಂಪಗಾಗಿರುವುದು ಸಯಾನ್ (ನೀಲಿ-ಹಸಿರು) ಬಣ್ಣ ಕತ್ತಲೆಯಲ್ಲೂ ಅಳಿಯುತ್ತದೆ ಎಂಬ ಕಾರಣಕ್ಕೆ. ಇವನ್ನು 48 ಬಿಟ್‌ನಲ್ಲಿ ಹಿಡಿಯಿರಿ, ಇಲ್ಲವಾದರೆ ಬಣ್ಣ ಎಳೆದಾಗ ಆಕಾಶದಲ್ಲಿ ಪಟ್ಟೆಗಳು ಮೂಡುತ್ತವೆ. ಜಿಂಪ್‌ನ ಲೆವೆಲ್ಸ್‌ನಲ್ಲಿ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ಸರಿಪಡಿಸುವಾಗ ಫೋಟೋದಲ್ಲಿರುವ ಯಾರದಾದರೂ ಬಿಳಿ ಧೋತರ ಅಥವಾ ಟೋಪಿ ನೋಡಿ: ಅಲ್ಲಿ ಮೂರೂ ಅಂಕಿ ಹತ್ತಿರ ಹತ್ತಿರ ಬಂದರೆ ಮುಖದ ಬಣ್ಣವೂ ಹಾದಿಗೆ ಬರುತ್ತದೆ. ಸಿಲ್ಕ್ ಕಾಗದದ ಗುಳ್ಳೆ ಗುಳ್ಳೆ ಫೋಟೋವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗು ಸ್ಕ್ಯಾನ್ ಮಾಡಿ. ಎರಡನೆಯದನ್ನು ತಿರುಗಿಸಿ ಮೊದಲನೆಯದರ ಮೇಲೆ 50% ಒಪ್ಯಾಸಿಟಿಯಲ್ಲಿ (ಅರೆಪಾರದರ್ಶಕವಾಗಿ) ಕೂಡಿಸಿದರೆ, ಗುಳ್ಳೆಗಳ ನೆರಳು ಎದುರುಬದುರಾಗಿ ಕರಗುತ್ತದೆ.

ಗೋಡೆಯ ಮೇಲಿನ ಮುತ್ಯಾ-ಆಯಿಯರ ಫ್ರೇಮುಗಳಿಗೆ ತಾಳ್ಮೆ ಬೇಕು. ಹಿಂದಿನ ಮೊಳೆ ಬಿಚ್ಚಿ ರಟ್ಟು ಎತ್ತಿ ನೋಡಿ. ಫೋಟೋ ಗಾಜಿಗೆ ಅಂಟಿದ್ದರೆ ಅಲ್ಲಿಗೇ ಬಿಡಿ. ಕಿತ್ತರೆ ಚಿತ್ರ ಗಾಜಿನ ಮೇಲೇ ಉಳಿಯುತ್ತದೆ. ಗಾಜಿನ ಹೊರಗಡೆಯಷ್ಟೇ ಒರೆಸಿ, ಕ್ಯಾಮೆರಾವನ್ನು ಫ್ರೇಮಿಗೆ ಸಮಾನಾಂತರವಾಗಿ ಸ್ಟ್ಯಾಂಡಿನ ಮೇಲಿಟ್ಟು, ಎರಡೂ ಬದಿಯಿಂದ 45 ಡಿಗ್ರಿಗೆ ಬೆಳಕು ಕೊಟ್ಟು, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಕಟ್ಟಿ ತೆಗೆಯುತ್ತೇನೆ. ಕಪ್ಪು ಬಟ್ಟೆ ಇಲ್ಲದಿದ್ದರೆ ತೆಗೆಯುವವರ ಅಂಗಿಯೇ ಗಾಜಿನಲ್ಲಿ ಕಾಣುತ್ತದೆ. ರಟ್ಟಿನ ಒಳಗೆ ಹಾಕಿರುವ ಹಳೆಯ ಪೇಪರಿನ ತಾರೀಖನ್ನೂ ಬರೆದಿಟ್ಟುಕೊಳ್ಳಿ. ಕಟ್ಟು ಹಾಕಿಸಿದ್ದು ಆ ತಾರೀಖಿನ ನಂತರ ಎಂದಾದರೂ ತಿಳಿಯುತ್ತದೆ.

ಪ್ರತಿ ಫೋಟೋದ ಬೆನ್ನನ್ನೂ ಸ್ಕ್ಯಾನ್ ಮಾಡಿ, ಅದಕ್ಕೆ 300 ಡಿಪಿಐ ಆದೀತು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ನಮ್ಮ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಬೆನ್ನಿನ ಬರಹ ಉರ್ದುವಿನಲ್ಲಿ ಇರಬಹುದು, ಇಸವಿ ನಿಜಾಮರ ಆಡಳಿತದ ಕಂದಾಯ ವರ್ಷವಾದ ಫಸಲಿಯದಾಗಿರಬಹುದು. ಫಸಲಿಗೆ 590 ಸೇರಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ: ಫಸಲಿ 1350 ಎಂದರೆ 1940-41. ಹಿಜರಿ (ಇಸ್ಲಾಮಿ ವರ್ಷ) 1350 ಆದರೆ 1931-32. ಒಂಬತ್ತು ವರ್ಷದ ವ್ಯತ್ಯಾಸ! ಅಂಕಿಯ ಪಕ್ಕದ ಅಕ್ಷರ ಫೆಯೋ (ಫಸಲಿ) ಹೆಯೋ (ಹಿಜರಿ) ಎಂದು ಉರ್ದು ಬಲ್ಲ ಹಿರಿಯರಿಂದ ಓದಿಸಿಕೊಂಡೇ ಹೆಸರಿಡಿ.

ಫೈಲಿನ ಹೆಸರಲ್ಲಿ ಇಸವಿ ಮೊದಲು, ಊರು, ಸಂದರ್ಭ, ಸಂಖ್ಯೆ: 1978_ಆಳಂದ_ಮದುವೆ_014. ಬೆನ್ನಿನ ಫೈಲಿಗೆ ಅದೇ ಹೆಸರಿನ ಕೊನೆಗೆ ‘ಹಿಂದೆ’. ಯುನಿಕೋಡಿನಲ್ಲೇ ಟೈಪ್ ಮಾಡಿ. ಹೆಸರು ಗುರುತಿಸಲು ಹಿರಿಯರಿಗೆ ಮೊಬೈಲ್ ತೋರಿಸುವುದಕ್ಕಿಂತ ಟಿವಿಯಲ್ಲಿ ದೊಡ್ಡದು ಮಾಡಿ ತೋರಿಸಿ, ಎಡದಿಂದ ಬಲಕ್ಕೆ ಹೇಳಿಸಿ, ಫೋಟೋ ಜೋಡಿಸಿಡುವ ತಂತ್ರಾಂಶ ಡಿಜಿಕ್ಯಾಮ್‌ನಲ್ಲಿ ಫೈಲಿನೊಳಗೇ ಬರೆಯಿರಿ.

ಮೂಲ ಟಿಫ್ ಫೈಲನ್ನು ತಿದ್ದದೆ ಹಾಗೇ ಇಡುತ್ತೇನೆ, ತಿದ್ದುಪಡಿಯೆಲ್ಲ ನಕಲಿನಲ್ಲಿ. ಎರಡು ಹಾರ್ಡ್ ಡಿಸ್ಕ್, ಜೊತೆಗೆ ಕ್ಲೌಡಿನಲ್ಲಿ ಒಂದು ಪ್ರತಿ. ಡಿಸ್ಕುಗಳಲ್ಲಿ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಬೇಕು, ತಗಡಿನ ಮನೆಯ ಅಟ್ಟದ ಮೇಲಂತೂ ಅಲ್ಲ. ನೆಂಟರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. 90ರ ಗುಣಮಟ್ಟದ ಜೆಪೆಗ್ ಮಾಡಿ ಡಾಕ್ಯುಮೆಂಟ್ ಎಂದು ಕಳಿಸಿ.