ಬಟನ್‌ಗಳ ನಡುವಿನ ಜಾಗ ಸಾಲಿನ ಕೈಯಲ್ಲಿರಲಿ

ವೆಬ್ ಪುಟದ ಫಾರ್ಮಿನ ಕೊನೆಗೆ ‘ರದ್ದು’, ‘ಉಳಿಸಿ’ ಅಂತ ಎರಡು ಬಟನ್ ಇರುತ್ತವೆ. ಅಂಟಿಕೊಂಡಂತೆ ಕಾಣುತ್ತವೆ ಅಂತ ಮೊದಲನೆಯದರ ಬಲಕ್ಕೆ 8 ಪಿಕ್ಸೆಲ್ ಮಾರ್ಜಿನ್, ಅಂದರೆ ಹೊರಗಿನ ಖಾಲಿ ಜಾಗ ಕೊಡುತ್ತೇವೆ. ಅದೇ ಬಟನ್ ಇನ್ನೊಂದು ಪುಟದಲ್ಲಿ ಒಂಟಿಯಾಗಿ ಬಂದಾಗ ಆ 8 ಪಿಕ್ಸೆಲ್ ಸುಮ್ನೆ ಜೊತೆಗೇ ಬರುತ್ತದೆ, ಬಟನ್ ಅಂಚಿಗೆ ಸರಿಯಾಗಿ ಕೂರುವುದಿಲ್ಲ. ನಡುವಿನ ಜಾಗವನ್ನು ನೋಡಿಕೊಳ್ಳಬೇಕಾದದ್ದು ಅವನ್ನು ಹಿಡಿದಿರುವ ಸಾಲು. ಆ ಸಾಲನ್ನೇ ಒಂದು ಕಾಂಪೊನೆಂಟ್, ಅಂದರೆ ಎಲ್ಲ ಪುಟಗಳಲ್ಲೂ ಮತ್ತೆ ಬಳಸಬಹುದಾದ ತುಣುಕು ಮಾಡಿಬಿಡಿ.

ಮೊದಲು ಒಳಗಿನ ಬಟನ್, ಐಕಾನ್‌ಗಳ ಅಡ್ಡ ಮಾರ್ಜಿನ್ ಎಲ್ಲ ತೆಗೆಯಿರಿ. ಒಂದನ್ನೂ ಉಳಿಸಬೇಡಿ. ಆಮೇಲೆ ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ, ಒಳಗಿನವು ಪಕ್ಕಪಕ್ಕ ಕೂರುವಂತೆ, ಸಾಲಿಗೆ ‘ಡಿಸ್‌ಪ್ಲೇ: ಫ್ಲೆಕ್ಸ್’ ಹಾಕಿ, ‘ಗ್ಯಾಪ್’ ಕೊಡಿ. ಗ್ಯಾಪ್ ನಡುವೆ ಮಾತ್ರ ಬೀಳುತ್ತದೆ, ಎರಡು ತುದಿಗಳಲ್ಲಿ ಬೀಳುವುದಿಲ್ಲ. ಫ್ಲೆಕ್ಸ್ ಜೊತೆ ಗ್ಯಾಪ್ ಆಪಲ್‌ನ ಬ್ರೌಸರ್ ಸಫಾರಿಗೆ ಬಂದದ್ದು 2021ರ 14.1ನೇ ಆವೃತ್ತಿಯಲ್ಲಿ. ಈಗ ಧೈರ್ಯವಾಗಿ ಬಳಸಬಹುದು.

ಅಳತೆಯನ್ನು ಬಾಯಿಗೆ ಬಂದಂತೆ ಕೊಡಲು ಬಿಡಬೇಡಿ. ‘ಸಣ್ಣ’ ಅಂದರೆ 8, ‘ಮಧ್ಯಮ’ 16, ‘ದೊಡ್ಡ’ 24 ಪಿಕ್ಸೆಲ್ ಅಂತ ಮೂರೇ ಇರಲಿ. ಯಾರೋ 13 ಬೇಕು ಅಂದರೆ ಡಿಸೈನನ್ನೇ ಮತ್ತೊಮ್ಮೆ ನೋಡುವುದು ಒಳ್ಳೆಯದು. ಒತ್ತುವ ಐಕಾನ್‌ಗಳಿದ್ದರೆ ಇನ್ನೂ ಎಚ್ಚರ ಬೇಕು. 16 ಪಿಕ್ಸೆಲ್ ಐಕಾನ್‌ಗಳ ನಡುವೆ ಬರೀ 4 ಬಿಟ್ಟರೆ ಒಂದರ ನಡುಮಧ್ಯದಿಂದ ಇನ್ನೊಂದಕ್ಕೆ 20 ಆಗುತ್ತದೆ. ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಕೇಳುವ 24ಕ್ಕೆ ಅದು ಸಾಲದು. ಬೆರಳು ಪಕ್ಕದ ಐಕಾನ್ ಮೇಲೆ ಬಿದ್ದರೆ ಬಳಸುವವರಿಗೇ ಕಷ್ಟ, ಅಲ್ವಾ?

ಐಕಾನ್ ಮತ್ತು ಪಠ್ಯ ಒಟ್ಟಿಗಿದ್ದರೆ, ಎರಡರ ನಡುಮಧ್ಯ ಒಂದೇ ಮಟ್ಟಕ್ಕೆ ಬರಲು ‘ಅಲೈನ್ ಐಟಮ್ಸ್: ಸೆಂಟರ್’ ಸಾಕು. ಬೇರೆ ಬೇರೆ ಗಾತ್ರದ ಅಕ್ಷರಗಳಿಗೆ, ಅವು ಕೂರುವ ಗೆರೆ ಒಂದೇ ಆಗುವಂತೆ ಮಾಡುವ ‘ಬೇಸ್‌ಲೈನ್’ ಚೆನ್ನ. ಸಣ್ಣ ಪರದೆಯಲ್ಲಿ ಜಾಗ ಸಾಲದ ಬಟನ್‌ಗಳು ಕೆಳಗಿನ ಸಾಲಿಗೆ ಇಳಿಯಲು ‘ಫ್ಲೆಕ್ಸ್ ರ‍್ಯಾಪ್’ ಬೇಕೇ ಬೇಕು. ಇಲ್ಲದಿದ್ದರೆ ಉದ್ದ ಹೆಸರಿನ ಬಟನ್‌ಗಳು ಪರದೆಯ ಆಚೆ ಹೋಗಬಹುದು.

ಒಂದು ಬಟನ್ ಮಾತ್ರ ಸಾಲಿನ ಇನ್ನೊಂದು ತುದಿಗೆ ಹೋಗಬೇಕಾದರೆ ಅದೊಂದಕ್ಕೆ ಮಾತ್ರ ‘ಮಾರ್ಜಿನ್ ಇನ್‌ಲೈನ್ ಸ್ಟಾರ್ಟ್: ಆಟೊ’ ಕೊಡಿ, ಅದು ಸಾಲು ಶುರುವಾಗುವ ಬದಿಯ ಮಾರ್ಜಿನ್. ಯಾವಾಗಲೂ ಎಡಕ್ಕೇ ಬೀಳುವ ‘ಮಾರ್ಜಿನ್ ಲೆಫ್ಟ್’ ಬೇಡ. ಉರ್ದು, ಅರೇಬಿಕ್ ಪುಟದಲ್ಲಿ ಸಾಲು ಬಲದಿಂದ ಎಡಕ್ಕೆ ತಿರುಗಿದಾಗ ಇದೂ ತಾನಾಗಿಯೇ ತಿರುಗುತ್ತದೆ.

ಕೊನೆಗೆ ಒಂದು ಬಟನ್ ಮರೆಮಾಡಿ ನೋಡಿ. ಜಾಗ ಎರಡರಷ್ಟಾದರೆ ಬಟನ್ ಹೋಗಿದೆ, ಅದನ್ನು ಸುತ್ತಿದ್ದ ಖಾಲಿ ಡಿವ್ (ಹೊರಚೌಕಟ್ಟು) ಮಾತ್ರ ಉಳಿದಿದೆ ಅಂತ ಅರ್ಥ. ಗ್ಯಾಪ್ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆ ಡಿವ್ ಅನ್ನೂ ತೆಗೆಸಿ.